‘ಲೈನ್’ ಪದದ ಬೇರು ಬಿಡಿಸುವುದು ಹೇಗೆ

‘ಲೈನಾಗ ನಿಂದ್ರು.’ ‘ಫೋನ್ ಲೈನ್ ಸಿಗವಲ್ದು.’ ‘ಲೈನ್‌ಮ್ಯಾನ್ ಕಂಬ ಹತ್ಯಾನ.’ ‘ಜಂಪರಿಗೆ ಲೈನಿಂಗ್ ಹಾಕ್ರಿ.’ ‘ಪೈಪ್‌ಲೈನ್ ಒಡದದ.’ ‘ಅವನ ಲೈನೇ ಬ್ಯಾರೆ.’ ರಾಯಚೂರು, ಕೊಪ್ಪಳ, ಬಳ್ಳಾರಿಯ ಯಾವ ಓಣಿಯಲ್ಲಾದರೂ ಒಂದು ದಿನದೊಳಗೆ ಈ ಆರೂ ಮಾತು ಕಿವಿಗೆ ಬೀಳುತ್ತವೆ. ಬಾಯಲ್ಲಿ ಇಷ್ಟು ಸಲೀಸಾಗಿ ಆಡುವ ಪದ ಇಂಗ್ಲಿಷ್ ಪಾಠದಲ್ಲಿ ಬಂತೆಂದರೆ ಮಾತ್ರ ಮಕ್ಕಳು ‘ಲೈನ್ ಅಂದರೆ ಗೆರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ‘ಡ್ರಾಪ್ ಮಿ ಎ ಲೈನ್’ ಎಂಬ ವಾಕ್ಯ ಎದುರಾದಾಗ ‘ನನ್ನ ಮೇಲೆ ಗೆರೆ ಬೀಳಿಸು’ ಎಂದು ಅನುವಾದಿಸಿ ಕೂರುತ್ತಾರೆ. ಅಲ್ಲಿ ಲೈನ್ ಎಂದರೆ ನಾಲ್ಕು ಸಾಲಿನ ಓಲೆ.

ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದರೆ ಇದು ತೀರುವ ಕೆಲಸವಲ್ಲ. ದೊಡ್ಡ ನಿಘಂಟುಗಳಲ್ಲಿ ಈ ಪದಕ್ಕೆ ಪುಟಗಟ್ಟಲೆ ಅರ್ಥಗಳಿವೆ. ಮೊದಲು ಅದು ಯಾವ ವಸ್ತುವಿನ ಹೆಸರಾಗಿತ್ತು ಎಂದು ಹಿಡಿದು, ಅಲ್ಲಿಂದ ಒಂದೊಂದೇ ಹೆಜ್ಜೆ ಇಡುವುದು ಸುಲಭ. ಪ್ರೌಢಶಾಲೆಯ ತರಗತಿಗಾದರೆ 40 ನಿಮಿಷದ ಎರಡು ಪಿರಿಯಡ್ ಸಾಕು. ಬೇಕಾಗುವುದು ಒಂದು ನೋಟ್‌ಬುಕ್, ಪದದ ಹುಟ್ಟನ್ನು ಕೊಡುವ ಒಂದು ನಿಘಂಟು (ಮೊಬೈಲಿನಲ್ಲಿದ್ದರೂ ಆದೀತು), ಎರಡು ಮೀಟರ್ ನೂಲಿನ ದಾರ, ಒಂದು ಮುಷ್ಟಿ ಸೀಮೆಸುಣ್ಣದ ಪುಡಿ. ದಾರ ಏಕೆಂದು ಮುಂದೆ ಗೊತ್ತಾಗುತ್ತದೆ.

ಮೊದಲು ವಾಕ್ಯ ಕೂಡಿಹಾಕಿ

ನಿಘಂಟನ್ನು ಮೊದಲೇ ತೆರೆಯಬೇಡಿ. ತೆರೆದರೆ ಅದರ ಪಟ್ಟಿಯೇ ತಲೆಯಲ್ಲಿ ಕೂತು, ಕಿವಿ ಕೆಲಸ ನಿಲ್ಲಿಸುತ್ತದೆ. ಒಂದು ದಿನ ಕೇಳಿದ್ದು, ಓದಿದ್ದು ಸೇರಿಸಿ 20ರಿಂದ 25 ವಾಕ್ಯ ಬರೆದುಕೊಳ್ಳಿ. ಬಿಡಿ ಪದ ಬೇಡ, ಇಡೀ ವಾಕ್ಯ ಬೇಕು. ಅರ್ಥ ಇರುವುದು ಅಕ್ಕಪಕ್ಕದ ಪದಗಳಲ್ಲಿ. ಬಸ್ ಸ್ಟ್ಯಾಂಡು, ಟೇಲರ್ ಅಂಗಡಿ, ರೈಲ್ವೆ ಸ್ಟೇಷನ್, ಗಣಿತದ ಪುಸ್ತಕ, ಕ್ರಿಕೆಟ್ ಕಾಮೆಂಟರಿಯ ‘ಲೈನ್ ಅಂಡ್ ಲೆಂತ್’, ಪತ್ರಿಕೆಯ ‘ಹೆಡ್‌ಲೈನ್’, ಎಲ್ಲವೂ ನಡೆಯುತ್ತದೆ.

ಕಬಡ್ಡಿ ಅಂಕಣವನ್ನಂತೂ ಬಿಡಬೇಡಿ. ಅಲ್ಲಿ ನೆಲದ ಮೇಲೇ ಲೈನುಗಳಿವೆ: ಮಿಡ್ ಲೈನ್, ಅದರಿಂದ 3.75 ಮೀಟರಿಗೆ ಬಾಕ್ ಲೈನ್ (ಪುರುಷರ ಅಂಕಣದಲ್ಲಿ), ಅದರಾಚೆ 1 ಮೀಟರಿಗೆ ಬೋನಸ್ ಲೈನ್, ಕೊನೆಗೆ ಎಂಡ್ ಲೈನ್. ‘ಬಾಕ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಹೊಲದಲ್ಲಿ ಉಳುಮೆ ಮಾಡದೆ ಬಿಟ್ಟ ದಿಣ್ಣೆಯ ಹೆಸರು. ನಮ್ಮ ಬದು ಇದ್ದಂತೆ. ರೈಡರ್ ದಾಟಲೇಬೇಕಾದ ಆ ಗೆರೆಯನ್ನು ಬದುವಿನ ಗೆರೆ ಎಂದರೆ ತಪ್ಪಾಗದು.

ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡ ಹಿಡಿದು ನಾಲ್ಕು ಅಂಕಣ ಎಳೆಯಿರಿ: ವಾಕ್ಯ, ನಾಮಪದವೋ ಕ್ರಿಯಾಪದವೋ, ಕನ್ನಡದಲ್ಲಿ ಅಲ್ಲಿ ಕೂರುವ ಪದ, ಗುಂಪು. ನಾಲ್ಕನೆಯದನ್ನು ಸದ್ಯ ಖಾಲಿ ಬಿಡಿ. ಮೂರನೆಯದನ್ನು ತುಂಬುವಾಗ ನಿಯಮ ಒಂದೇ: ‘ಲೈನ್’ ತೆಗೆದು ಕನ್ನಡ ಪದ ಇಟ್ಟರೆ ವಾಕ್ಯ ಸಹಜವಾಗಿ ಓಡಬೇಕು. ಗಣಿತದಲ್ಲಿ ‘ರೇಖೆ’, ಪದ್ಯದಲ್ಲಿ ‘ಸಾಲು’, ರೇಷನ್ ಅಂಗಡಿಯ ಮುಂದೆ ‘ಪಾಳಿ’, ‘ಸ್ಟೋರಿಲೈನ್’ಗೆ ‘ಕತೆಯ ಎಳೆ’, ‘ಡ್ರಾ ದ ಲೈನ್’ ಬಂದರೆ ‘ಎಲ್ಲೆ’. ಲೈನ್‌ಮ್ಯಾನ್‌ಗೆ ವಿದ್ಯುತ್ ಇಲಾಖೆಯ ಕಡತಗಳಲ್ಲಿ ‘ಮಾರ್ಗದಾಳು’ ಎಂಬ ಚೆಂದದ ಪದವಿತ್ತು. ಈಗ ಹುದ್ದೆಯ ಹೆಸರು ಪವರ್‌ಮ್ಯಾನ್ ಆಗಿದೆ, ಜನ ಮಾತ್ರ ಲೈನ್‌ಮ್ಯಾನ್ ಬಿಟ್ಟಿಲ್ಲ. 25 ವಾಕ್ಯಕ್ಕೂ ಮೂರನೆಯ ಅಂಕಣದಲ್ಲಿ ‘ಗೆರೆ’ ಎಂದೇ ಬಂದಿದ್ದರೆ ಕೆಲಸ ಕೆಟ್ಟಿದೆ ಎಂದರ್ಥ, ಮತ್ತೆ ಬರೆಯಿಸಿ.

ಒಂದೇ ಪದವೋ, ಒಂದೇ ಮುಖದ ಎರಡು ಪದವೋ?

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಎಲ್ಲರೂ ಎಡವುವುದೂ ಇಲ್ಲಿಯೇ. ಕನ್ನಡದ್ದೇ ಉದಾಹರಣೆಯಿಂದ ಶುರು ಮಾಡಿ. ನಮ್ಮ ಕಡೆ ‘ಅಗಸಿ’ ಎಂದರೆ ಊರ ಹೆಬ್ಬಾಗಿಲು. ‘ಅಗಸಿ’ ಎಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಕಾಳೂ ಹೌದು. ಹೂವು ಪಲ್ಯಕ್ಕೆ ಬರುವ ಅಗಸೆ ಮರವೂ ಇದೆ. ಇವು ಒಂದು ಪದದ ಮೂರು ಅರ್ಥಗಳಲ್ಲ, ಒಂದೇ ದನಿಯ ಮೂರು ಪದಗಳು. ಕಾಳಿನ ಹೆಸರು ಸಂಸ್ಕೃತದ ‘ಅತಸೀ’ಯಿಂದ ಬಂದದ್ದು, ಮರದ್ದು ‘ಅಗಸ್ತಿ’ಯಿಂದ. ಅದೇ ‘ಗೆರೆ’ಯನ್ನು ನೋಡಿ: ಅಂಗೈಯ ಗೆರೆ, ಪಟ್ಟಿಯ ಗೆರೆ, ‘ಗೆರೆ ದಾಟಬೇಡ’ ಎಂಬ ಗೆರೆ. ಇವು ಒಂದೇ ಪದದ ಕವಲುಗಳು.

ಇಂಗ್ಲಿಷ್ ನಿಘಂಟು ಈ ವ್ಯತ್ಯಾಸವನ್ನು ಪದದ ತಲೆಯ ಮೇಲೆ ಸಣ್ಣ ಅಂಕಿ ಹಾಕಿ ತೋರಿಸುತ್ತದೆ: ಲೈನ್ 1, ಲೈನ್ 2. ಆದರೆ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲವು ನಿಘಂಟುಗಳು ಹುಟ್ಟು ಬೇರೆಯಾದಾಗ ಅಂಕಿ ಹಾಕುತ್ತವೆ, ಕೆಲವು ನಾಮಪದ, ಕ್ರಿಯಾಪದ ಎಂದು ಬೇರ್ಪಡಿಸಲು ಹಾಕುತ್ತವೆ. ಯಾವುದೆಂದು ತಿಳಿಯಲು ನಿಮಗೆ ಗೊತ್ತಿರುವ ಇನ್ನೊಂದು ಪದ ತೆಗೆದು ನೋಡಿ. ‘ಬ್ಯಾಟ್’ ಸಾಕು: ಬಾವಲಿಗೂ ಆಟದ ದಾಂಡಿಗೂ ಬೇರೆ ಬೇರೆ ಅಂಕಿ ಕೊಟ್ಟು ಹುಟ್ಟನ್ನೂ ಬೇರೆಯಾಗಿ ಹೇಳಿದ್ದರೆ ಅದು ಹುಟ್ಟಿನ ಅಂಕಿ.

ಅರ್ಥಗಳನ್ನು ಜೋಡಿಸುವ ಕ್ರಮವೂ ಹಾಗೆಯೇ. ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಅರ್ಥ ಮೊದಲು ಬರುತ್ತದೆ. 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಪೂರ್ತಿಯಾದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಇತಿಹಾಸದ ಕ್ರಮ ಹಿಡಿಯುತ್ತದೆ, ಪ್ರತಿ ಅರ್ಥಕ್ಕೂ ಇಸವಿ ಸಹಿತ ಬಳಕೆಯ ವಾಕ್ಯ ಕೊಡುತ್ತದೆ. ಮೆರಿಯಂ-ವೆಬ್‌ಸ್ಟರ್ ಕೂಡ ಹಳೆಯ ಅರ್ಥವನ್ನೇ ಮೊದಲು ಇಡುತ್ತದೆ, ಅದು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಕಲಿಕೆಯ ನಿಘಂಟಿನ ಮೊದಲ ಅರ್ಥವನ್ನೇ ಮೂಲ ಅರ್ಥವೆಂದು ಹಿಡಿದು ‘ಗೆರೆಯಿಂದ ಹಗ್ಗ ಬಂತು’ ಎಂದು ಬರೆಯುವ ತಪ್ಪು ಸಾಮಾನ್ಯ. ಆದದ್ದು ತಿರುವುಮುರುವು.

ಚೌಕ ಕಂಸ ಓದುವುದು

ನಿಘಂಟಿನಲ್ಲಿ ಹುಟ್ಟಿನ ವಿವರ ಸಾಮಾನ್ಯವಾಗಿ ಚೌಕ ಕಂಸದೊಳಗೆ, ಸಂಕ್ಷೇಪಗಳಲ್ಲಿ ಇರುತ್ತದೆ. ‘ಓಇ’ ಎಂದರೆ ಹಳೆಯ ಇಂಗ್ಲಿಷ್, ಅಂದಾಜು 1100ಕ್ಕಿಂತ ಹಿಂದಿನದು. ‘ಎಂಇ’ ಎಂದರೆ ನಡು ಇಂಗ್ಲಿಷ್, 1100ರಿಂದ 1500. ‘ಓಎಫ್’ ಹಳೆಯ ಫ್ರೆಂಚ್, ‘ಎಲ್’ ಲ್ಯಾಟಿನ್. ಬಾಣದ ತುದಿಯಂಥ ‘<’ ಗುರುತು ‘ಇದರಿಂದ ಬಂತು’ ಎಂದು ಹೇಳುತ್ತದೆ. ನಕ್ಷತ್ರ ಚಿಹ್ನೆ ಇದ್ದರೆ ಆ ರೂಪ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕಹಾಕಿ ಕಟ್ಟಿದ್ದು. ಕಠಾರಿಯ ಚಿಹ್ನೆ ಇದ್ದರೆ ಆ ಅರ್ಥ ಸತ್ತಿದೆ.

ಲೈನ್ 1ರ ಕಂಸವನ್ನು ಬಿಡಿಸಿದರೆ ಹೀಗಿದೆ. ಹಳೆಯ ಇಂಗ್ಲಿಷಿನ ‘ಲೀನೆ’: ಹಗ್ಗ, ಸಾಲು. ಅದು ಬಂದದ್ದು ಲ್ಯಾಟಿನ್ನಿನ ‘ಲೀನಿಯ’ದಿಂದ: ನಾರಿನ ದಾರ. ಅದಕ್ಕೂ ಹಿಂದೆ ‘ಲೀನುಂ’: ಅಗಸೆ ಗಿಡ. ಹೌದು, ನಾವು ಹುರಿದು ಕುಟ್ಟಿ ಹಿಂಡಿ ಮಾಡುವ ಅದೇ ಅಗಸೆ. ಸಸ್ಯಶಾಸ್ತ್ರದಲ್ಲಿ ಇವತ್ತಿಗೂ ಅದರ ಹೆಸರು ಲೈನಂ ಯುಸಿಟಾಟಿಸಿಮಂ. ಇದೇ ಲ್ಯಾಟಿನ್ ಪದ ಫ್ರೆಂಚಿಗೆ ಹೋಗಿ ‘ಲಿಗ್ನೆ’ ಆಗಿ, ಫ್ರೆಂಚ್ ಆಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಬಂದ ಮೇಲಿನ ಶತಮಾನಗಳಲ್ಲಿ ಇಂಗ್ಲಿಷಿನ ‘ಲೀನೆ’ಯೊಂದಿಗೆ ಬೆರೆತುಹೋಯಿತು. ಒಂದೇ ಕೆರೆಯಿಂದ ಹೊರಟ ಎರಡು ಕಾಲುವೆ ಮುಂದೆ ಕೂಡಿದಂತೆ.

ನಮ್ಮ ಹೊಲದ ಅಗಸಿಯಿಂದ ದಾರ ತೆಗೆಯುವುದನ್ನು ಯಾರೂ ನೋಡಿರುವುದಿಲ್ಲ, ಹಾಗಾಗಿ ಮಕ್ಕಳು ನಂಬುವುದಿಲ್ಲ. ಕಾಳಿಗಾಗಿ ಬೆಳೆಯುವ ತಳಿ ಗಿಡ್ಡ, ಕವಲೊಡೆಯುತ್ತದೆ. ನಾರಿನ ತಳಿಯನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಕವಲೊಡೆಯದೆ ನೆಟ್ಟಗೆ, ಎದೆಯೆತ್ತರಕ್ಕೆ ಹತ್ತಿರ ಬೆಳೆಯುತ್ತದೆ. ಕೊಯ್ಯದೆ ಬೇರುಸಹಿತ ಕೀಳುತ್ತಾರೆ, ನೀರಿನಲ್ಲಿ ನೆನೆಹಾಕಿ ಕೊಳೆಸುತ್ತಾರೆ, ಒಣಗಿಸಿ ಬಡಿದು ಬಾಚುತ್ತಾರೆ. ಪುಂಡಿ ನಾರು ತೆಗೆಯುವುದನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಕೇಳಿ, ಕೆಲಸ ಹೆಚ್ಚುಕಡಿಮೆ ಅದೇ. ಆ ನಾರಿನ ಬಟ್ಟೆಯೇ ಲಿನನ್. ‘ಲಿನನ್’ ಮೊದಲು ವಿಶೇಷಣವಾಗಿತ್ತು, ‘ವುಡನ್’ ಎಂದರೆ ಮರದ್ದು ಎನ್ನುವ ಹಾಗೆ ‘ಅಗಸೆ ನಾರಿನದು’ ಎಂದು. ಕಾಳು ‘ಲಿನ್‌ಸೀಡ್’. ಅಗಸೆ ಎಣ್ಣೆಯಿಂದ ಮಾಡಿದ ನೆಲಹಾಸು ‘ಲಿನೋಲಿಯಂ’.

ದಾರ ಹೊಡೆದು ನೋಡಿ

ದಾರ ಗೆರೆಯಾದದ್ದು ಹೇಗೆ? ಬಡಗಿಯ ಅಂಗಡಿಯಲ್ಲಿ, ಗೌಂಡಿ ಕೆಲಸದಲ್ಲಿ ಇದು ದಿನಾ ನಡೆಯುತ್ತದೆ. ತರಗತಿಯಲ್ಲೇ ಮಾಡಿ ತೋರಿಸಬಹುದು.

ಎರಡು ಮೀಟರ್ ದಾರವನ್ನು ಸೀಮೆಸುಣ್ಣದ ಪುಡಿಯಲ್ಲಿ ಹೊರಳಿಸಿ. ಕಪ್ಪು ಹಲಗೆಯ ಮೇಲೆ ಎರಡು ತುದಿಯನ್ನು ಇಬ್ಬರು ಬಿಗಿಯಾಗಿ ಒತ್ತಿ ಹಿಡಿಯಲಿ. ಮೂರನೆಯವರು ದಾರದ ನಡುವನ್ನು ಎರಡು ಬೆರಳಲ್ಲಿ ಹಿಡಿದು, ಹಲಗೆಯಿಂದ ನೇರವಾಗಿ ಐದಾರು ಸೆಂಟಿಮೀಟರ್ ಎಳೆದು ಬಿಡಲಿ. ‘ಟಪ್’ ಎಂದು ಬಡಿದು, ತೆಗೆದಾಗ ಹಲಗೆಯ ಮೇಲೆ ನೆಟ್ಟನೆಯ ಗೆರೆ ಉಳಿದಿರುತ್ತದೆ. ಓರೆಯಾಗಿ ಎಳೆದರೆ ಗೆರೆ ಬಾಗುತ್ತದೆ ಇಲ್ಲವೇ ಎರಡು ಬೀಳುತ್ತದೆ. ದಾರ ಸಡಿಲವಿದ್ದರೆ ಮಸುಕು. ಒದ್ದೆ ದಾರಕ್ಕೆ ಪುಡಿ ಮುದ್ದೆಗಟ್ಟುತ್ತದೆ. ನೈಲಾನ್ ದಾರ ತರಬೇಡಿ, ಅದಕ್ಕೆ ಪುಡಿ ಹತ್ತುವುದಿಲ್ಲ.

ಮೊದಲು ದಾರ, ಆಮೇಲೆ ದಾರ ಬಿಟ್ಟ ಗುರುತು, ಆಮೇಲೆ ಪೆನ್ನಿನಲ್ಲಿ ಎಳೆದ ಯಾವುದೇ ಗುರುತು. ‘ಲೈನ್’ ಪದ ಹಗ್ಗದಿಂದ ಗೆರೆಗೆ ಇಳಿದದ್ದು ಈ ಮೂರು ಮೆಟ್ಟಿಲಲ್ಲಿ. ಇದು ಇಂಗ್ಲಿಷಿಗೆ ಮಾತ್ರ ಹೊಳೆದ ಜಾಣತನವಲ್ಲ. ಸಂಸ್ಕೃತದ ‘ಸೂತ್ರ’ ಎಂದರೂ ಮೊದಲಿಗೆ ದಾರವೇ. ಇವತ್ತು ಅದು ಗಣಿತದ ಸೂತ್ರ, ವ್ಯಾಕರಣದ ಸೂತ್ರ.

ಕವಲು ಬಿಡಿಸುವುದು

ಈಗ ನಾಲ್ಕನೆಯ ಅಂಕಣ ತುಂಬಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ದಾರದ ಯಾವ ಗುಣ ಇಲ್ಲಿ ಉಳಿದಿದೆ?

ದಾರವೇ ಉಳಿದಿದೆಯೇ? ಮೀನಿನ ಗಾಳದ ಲೈನ್, ಬಟ್ಟೆ ಒಣಹಾಕುವ ಲೈನ್. ದಾರದ ಜಾಗದಲ್ಲಿ ತಂತಿ ಬಂದಾಗ ತಂತಿವಾರ್ತೆಯ ಲೈನ್, ಫೋನ್ ಲೈನ್, ಕರೆಂಟಿನ ಲೈನ್. ತಂತಿಯೇ ಇಲ್ಲದ ಮೊಬೈಲಿನಲ್ಲೂ ನಾವು ‘ಲೈನ್ ಕಟ್ ಆತು’ ಎನ್ನುತ್ತೇವೆ. ‘ಆನ್‌ಲೈನ್’ ಎಂಬುದರ ಒಳಗೂ ಈ ತಂತಿಯೇ ಇದೆ.

ಒಂದರ ಹಿಂದೊಂದು ಎಂಬ ಗುಣವೇ? ಅಕ್ಷರಗಳ ಸಾಲು. ಹಳೆಯ ಇಂಗ್ಲಿಷಿನಲ್ಲಾಗಲೇ ಈ ಅರ್ಥವಿತ್ತು. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಪಾಠವನ್ನು ಅಚ್ಚುಮಾಡುವಾಗಲೂ ಶಾಸನತಜ್ಞರು ಎಡಗಡೆ ‘ಲೈನ್ 1, ಲೈನ್ 2’ ಎಂದು ಸಂಖ್ಯೆ ಹಾಕುವುದು ಈ ಅರ್ಥದಲ್ಲಿ. ಅಕ್ಷರದಂತೆ ಜನರೂ ಸಾಲುಗಟ್ಟಿದರೆ ಸರದಿ. ಅಮೆರಿಕದವರು ಇದಕ್ಕೆ ‘ಲೈನ್’ ಎನ್ನುತ್ತಾರೆ, ಬ್ರಿಟಿಷರು ‘ಕ್ಯೂ’. ಕ್ಯೂ ಎಂದರೆ ಫ್ರೆಂಚಿನಲ್ಲಿ ಬಾಲ. ಸೈನಿಕರ ಡೇರೆ, ಗುಡಿಸಲುಗಳ ಸಾಲಿಗೂ ‘ಲೈನ್ಸ್’ ಎನ್ನುತ್ತಿದ್ದರು. ಬಳ್ಳಾರಿಯಂಥ ಕಂಟೋನ್‌ಮೆಂಟ್ ಊರುಗಳಿಗೆ ಬ್ರಿಟಿಷರ ಜೊತೆ ಬಂದ ಮಾತು ಅದು, ‘ಪೊಲೀಸ್ ಲೈನ್’ ಎಂಬ ಹೆಸರಲ್ಲಿ ಇನ್ನೂ ಬದುಕಿದೆ. ತಾತ, ತಂದೆ, ಮಗ ಎಂಬ ಸಾಲು ‘ಲಿನಿಯಜ್’, ವಂಶ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಂಬ ಗುಣವೇ? ದಾರಿ. ರೈಲು ಬಂದಾಗ ಈ ಅರ್ಥಕ್ಕೆ ಕಬ್ಬಿಣದ ಗಟ್ಟಿತನ ಬಂತು. ಬೊಂಬಾಯಿ ಕಡೆಯಿಂದ ಬಂದ ಲೈನೂ ಮದ್ರಾಸ್ ಕಡೆಯಿಂದ ಬಂದ ಲೈನೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಗೊತ್ತಾದ ದಾರಿಯಲ್ಲಿ ಓಡುವ ಹಡಗುಗಳ ಕಂಪನಿ ‘ಶಿಪ್ಪಿಂಗ್ ಲೈನ್’, ಅದನ್ನು ನೋಡಿ ‘ಏರ್‌ಲೈನ್’. ಬದುಕಿನ ದಾರಿ ಎಂದಾದಾಗ ‘ಅವನ ಲೈನೇ ಬ್ಯಾರೆ’.

ಎಲ್ಲೆ ಎಂಬ ಗುಣವಿದ್ದರೆ ಗಡಿ ನಿಯಂತ್ರಣ ರೇಖೆ, ಆಟದ ಬೌಂಡರಿ ಲೈನ್, ಮತ್ತು ‘ಡೆಡ್‌ಲೈನ್’. ಈ ಕೊನೆಯದರ ಹುಟ್ಟು ಭೀಕರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆ ಶಿಬಿರದಲ್ಲಿ ಹೊರಗೋಡೆಯ ಒಳಬದಿಗೆ ಒಂದಿಷ್ಟು ದೂರದಲ್ಲಿ ತಗ್ಗಾದ ಮರದ ಬೇಲಿ ಇತ್ತು. ಅದನ್ನು ದಾಟಿದ ಕೈದಿಗೆ ಗುಂಡು. ಪತ್ರಿಕಾ ಕಚೇರಿಗಳು ಇದೇ ಪದವನ್ನು ಗಡುವಿಗೆ ಬಳಸತೊಡಗಿದ್ದು 20ನೇ ಶತಮಾನದಲ್ಲಿ.

ಒಂದು ವಾಕ್ಯ ಎರಡು ಗುಂಪಿಗೂ ಸೇರುವಂತೆ ಕಂಡರೆ ಎರಡನ್ನೂ ಬರೆಯಿರಿ. ‘ಪೈಪ್‌ಲೈನ್’ ದಾರದಂತೆ ಉದ್ದವೂ ಹೌದು, ನೀರಿನ ದಾರಿಯೂ ಹೌದು. ಪದಗಳು ನಮ್ಮ ಅಂಕಣ ನೋಡಿ ಬೆಳೆದವಲ್ಲ.

ಲೈನ್ 2: ಟೇಲರ್ ಅಂಗಡಿ ಮತ್ತು ಕಾಲುವೆ

ಜಂಪರಿನ ಲೈನಿಂಗ್ ಮೇಲಿನ ಯಾವ ಗುಂಪಿಗೂ ಹೊಂದುವುದಿಲ್ಲ. ಇದು ಬೇರೆ ಪದ. ನಡುಗಾಲದ ಇಂಗ್ಲೆಂಡಿನಲ್ಲಿ ಉಣ್ಣೆಯ ಮೇಲಂಗಿ ಮೈ ಚುಚ್ಚದಿರಲೆಂದು ಒಳಗಡೆ ಲಿನನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು. ಆ ಬಟ್ಟೆಯ ಹಳೆಯ ಹೆಸರು ‘ಲೀನ್’. ‘ಲೀನ್ ಕೊಡುವುದು’ ಎಂಬ ಕ್ರಿಯೆಯೇ ಲೈನ್ 2. ಮೂಲ ಅಜ್ಜಿ ಅದೇ ಅಗಸೆ, ಆದರೆ ಬಂದ ದಾರಿ ದಾರದ್ದಲ್ಲ, ಬಟ್ಟೆಯದು. ಆಮೇಲೆ ಒಳಪದರ ರೇಷ್ಮೆಯದಾದರೂ ಚರ್ಮದ್ದಾದರೂ ಹೆಸರು ಅದೇ ಉಳಿಯಿತು.

ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಹರಿಯುತ್ತದೆ. ನೀರು ಇಂಗಿ ಪೋಲಾಗದಿರಲೆಂದು ಕಾಲುವೆಯ ಒಳಮೈಗೆ ಕಾಂಕ್ರೀಟ್ ಹೊದಿಸುವುದಕ್ಕೆ ರೈತರು ‘ಲೈನಿಂಗ್ ಮಾಡ್ಯಾರ’ ಎನ್ನುತ್ತಾರೆ. ಎಂಜಿನಿಯರನ ಲೈನಿಂಗೂ ಟೇಲರನ ಲೈನಿಂಗೂ ಒಂದೇ ಪದ, ಒಂದೇ ಅರ್ಥ: ಒಳಪದರ. ‘ಲೈನಿಂಗ್ ಅಂದರೆ ಗೆರೆ ಹಾಕುವುದು’ ಎಂದು ಕಾಲುವೆ ನೋಡಿ ಅರ್ಥ ಹೇಳುವವರಿದ್ದಾರೆ. ಕಾಲುವೆ ಉದ್ದಕ್ಕೆ ಗೆರೆಯಂತೆ ಕಾಣುವುದರಿಂದ ಮೋಸ ಹೋಗುತ್ತಾರೆ.

ಅನುಮಾನ ಬಂದರೆ ಕೇಳಿಕೊಳ್ಳಿ: ಇದು ಮೇಲೆ ಎಳೆದದ್ದೋ, ಒಳಗೆ ಹೊದಿಸಿದ್ದೋ? ‘ಲೈನ್ಡ್ ಪೇಪರ್’ ಗೆರೆಯ ಹಾಳೆ, 1. ‘ಲೈನ್ಡ್ ಕೋಟ್’ ಅಸ್ತರಿನ ಕೋಟು, 2. ರಸ್ತೆಯ ಎರಡೂ ಕಡೆ ಮರಗಳು ‘ಲೈನ್’ ಆಗಿದ್ದರೆ 1. ಲಂಚ ತಿಂದವನು ತನ್ನ ಜೇಬನ್ನು ‘ಲೈನ್’ ಮಾಡಿಕೊಂಡರೆ 2. ಪರೀಕ್ಷೆಗೆ ‘ಲೈನರ್’ ಒಂದೇ ಪದ ಸಾಕು: ಐಲೈನರ್ 1, ಹಡಗಿನ ಲೈನರ್ 1, ಟ್ರ್ಯಾಕ್ಟರ್ ಎಂಜಿನ್ನಿನ ಸಿಲಿಂಡರ್ ಲೈನರ್ 2, ಬ್ರೇಕ್ ಲೈನರ್ 2.

ಸುಳ್ಳು ಸಂಬಂಧಿಕರು

ಇಷ್ಟು ಕಲಿತ ಮೇಲೆ ‘ಲಿನ್’, ‘ಲೈನ್’ ಕಂಡಲ್ಲೆಲ್ಲ ಅಗಸೆ ಕಾಣತೊಡಗುತ್ತದೆ. ‘ಲಿಂಕ್’ ಹಳೆಯ ನಾರ್ಸ್ ಭಾಷೆಯ ಸರಪಳಿಯ ಕೊಂಡಿ, ‘ಲಿಂಗರ್’ ಬಂದದ್ದು ‘ಲಾಂಗ್’ ಮನೆಯಿಂದ, ‘ಲಿಂಗ್ವಿಸ್ಟಿಕ್ಸ್’ ಲ್ಯಾಟಿನ್ನಿನ ನಾಲಿಗೆಯಿಂದ. ‘ಗ್ಯಾಸೋಲಿನ್’, ‘ಡಿಸಿಪ್ಲಿನ್’, ‘ಫೀಲೈನ್’ಗಳ ಬಾಲದಲ್ಲಿರುವುದು ಬರೀ ಪ್ರತ್ಯಯದ ಹೊಂದಾಣಿಕೆ. ಇನ್ನು ‘ಲೈನ್ ಸಂಸ್ಕೃತದ ಲೀನದಿಂದ ಬಂತು’ ಎಂಬ ಮಾತನ್ನು ವಾಟ್ಸ್‌ಆ್ಯಪ್ ಪಂಡಿತರು ಹೇಳಿದರೆ, ನಡುವಿನ ಮೆಟ್ಟಿಲು ಕೇಳಿ. ‘ಲೀನ’ ಎಂದರೆ ಕರಗಿದ್ದು, ಅಡಗಿದ್ದು. ಅದಕ್ಕೂ ದಾರಕ್ಕೂ ನಡುವೆ ಯಾವ ಬರಹದಲ್ಲೂ ಸೇತುವೆ ಇಲ್ಲ. ಸಾಲಕ್ಕೂ ಸಾಲಿಗೂ ದನಿ ಹತ್ತಿರವೆಂದು ಬ್ಯಾಂಕಿನ ಸಾಲ ಹೊಲದ ಸಾಲಿನಿಂದ ಬಂತೆನ್ನಲು ಆಗುವುದೇ?

ನಿಜವಾದ ಸಂಬಂಧಿಕರಲ್ಲೂ ಒಂದು ತೊಡಕಿದೆ: ಉಚ್ಚಾರಣೆ. ‘ಲೈನ್’ ಆದರೆ ‘ಲಿನನ್’, ‘ಲಿನಿಯರ್’ ಏಕೆ? ಸುಮಾರು 15ನೇ ಶತಮಾನದಿಂದ 18ನೇ ಶತಮಾನದವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳು ಜಾಗ ಬದಲಿಸಿದವು. ‘ಈ’ ಇದ್ದದ್ದು ‘ಐ’ ಆಯಿತು: ‘ಲೀನೆ’ ಲೈನ್, ‘ವೀನ್’ ವೈನ್, ‘ಟೀಮೆ’ ಟೈಮ್. ‘ಲಿನನ್’ನಲ್ಲಿ ಸ್ವರ ಅಷ್ಟರೊಳಗೆ ಹ್ರಸ್ವವಾಗಿತ್ತು, ಹಾಗಾಗಿ ಬದಲಾವಣೆ ಅದನ್ನು ಮುಟ್ಟಲಿಲ್ಲ. ‘ಲಿನಿಯರ್’ ಲ್ಯಾಟಿನ್ನಿನಿಂದ ತಡವಾಗಿ, ನೇರವಾಗಿ ಬಂದದ್ದು. ಅಕ್ಷರ ನೋಡಿ ‘ಲೈನಿಯರ್’ ಎಂದು ಓದುವ ಮಕ್ಕಳಿಗೆ ಈ ಕಾರಣ ಹೇಳಿದರೆ ಮರೆಯುವುದಿಲ್ಲ.

ಎರಡನೆಯ ಪಿರಿಯಡ್ ಮುಗಿಯುವ ಹೊತ್ತಿಗೆ ಇನ್ನೊಂದು ಪದ ಕೊಟ್ಟು ಕಳಿಸಿ: ‘ಬ್ಯಾಂಕ್’. ಎಡದಂಡೆ ಕಾಲುವೆಯ ಬೋರ್ಡಿನಲ್ಲಿ ‘ಲೆಫ್ಟ್ ಬ್ಯಾಂಕ್’ ಎಂದಿರುತ್ತದೆ, ಪಾಸ್‌ಬುಕ್ಕಿನ ಮೇಲೂ ಬ್ಯಾಂಕ್ ಎಂದಿರುತ್ತದೆ. ಸುಳಿವು ಎರಡು ಸಾಕು. ದಂಡೆಯ ಬ್ಯಾಂಕ್ ಬಂದದ್ದು ಸ್ಕ್ಯಾಂಡಿನೇವಿಯಾ ಕಡೆಯಿಂದ. ದುಡ್ಡಿನ ಬ್ಯಾಂಕ್ ಬಂದದ್ದು ಇಟಲಿಯ ನಾಣ್ಯ ವ್ಯಾಪಾರಿಗಳು ಪೇಟೆಯಲ್ಲಿ ಹಾಕಿಕೊಂಡು ಕೂರುತ್ತಿದ್ದ ಬೆಂಚಿನಿಂದ. ಇವೆರಡೂ ಇನ್ನೂ ಹಿಂದೆ ಎಲ್ಲಿ ಕೂಡುತ್ತವೆ ಎಂಬುದನ್ನು ಮಕ್ಕಳೇ ಚೌಕ ಕಂಸದಲ್ಲಿ ಹುಡುಕಲಿ.